ಎರಡು ಸಾವಿರ ಕೇಸು, ಒಂದು ಜೀವ

ಕೋರ್ಟು ವರದಿಗೆ ಹೋದಾಗ ನಮಗೆ ಕಾಣುವುದು ಆ ದಿನದ ಒಂದು ಕೇಸು ಮಾತ್ರ. ಸಾವಿರಾರು ಕೇಸುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ? ಅಮೆರಿಕದಲ್ಲಿ ಹಾಗೆ ನೋಡಿದ ಒಂದು ಪ್ರಯತ್ನದ ಕಥೆ ಇದು.

1978ರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಫರ್ನಿಚರ್ ಅಂಗಡಿಯೊಂದರಲ್ಲಿ ದರೋಡೆ ನಡೆಯಿತು. ಬಿಳಿಯ ಪೊಲೀಸ್ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾದರು. ಕಪ್ಪು ವರ್ಣೀಯ ವಾರೆನ್ ಮೆಕ್ಲೆಸ್ಕಿಗೆ ಮರಣದಂಡನೆ ವಿಧಿಸಲಾಯಿತು.

ಮೇಲ್ಮನವಿಯಲ್ಲಿ ಅವರ ವಕೀಲರು ಒಂದು ಅಧ್ಯಯನ ಮುಂದಿಟ್ಟರು. ಕಾನೂನು ಪ್ರಾಧ್ಯಾಪಕ ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರು ಜಾರ್ಜಿಯಾದಲ್ಲಿ 1970ರ ದಶಕದಲ್ಲಿ ನಡೆದ 2,000ಕ್ಕೂ ಹೆಚ್ಚು ಕೊಲೆ ಕೇಸುಗಳನ್ನು ಜಾಲಾಡಿದ್ದರು. ಸತ್ತವರು ಬಿಳಿಯರಾಗಿದ್ದರೆ ನೂರಕ್ಕೆ 11 ಕೇಸುಗಳಲ್ಲಿ ಮರಣದಂಡನೆ. ಸತ್ತವರು ಕಪ್ಪು ವರ್ಣೀಯರಾಗಿದ್ದರೆ ನೂರಕ್ಕೆ 1.

ಬಿಳಿಯರ ಕೊಲೆಗಳೇ ಹೆಚ್ಚು ಕ್ರೂರವಾಗಿದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಬಾಲ್ಡಸ್ ತಂಡ ಬಣ್ಣಕ್ಕೆ ಸಂಬಂಧವಿಲ್ಲದ 39 ಸಂಗತಿಗಳನ್ನು ಲೆಕ್ಕಕ್ಕೆ ಹಿಡಿದು, ಒಂದೇ ತೆರನಾದ ಕೇಸುಗಳನ್ನು ಹೋಲಿಸಿತು. ಆಗಲೂ ವ್ಯತ್ಯಾಸ ಅಳಿಯಲಿಲ್ಲ. ಬಿಳಿಯರನ್ನು ಕೊಂದ ಆರೋಪ ಹೊತ್ತವರಿಗೆ ಮರಣದಂಡನೆಯ ಸಂಭವ 4.3 ಪಟ್ಟು ಹೆಚ್ಚಿತ್ತು.

1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4 ಬಹುಮತದಿಂದ ಮನವಿಯನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಅಧ್ಯಯನ ಸುಳ್ಳೆನ್ನಲಿಲ್ಲ. ಅಂಕಿಅಂಶ ಸರಿ ಎಂದೇ ಇಟ್ಟುಕೊಂಡರೂ, ಮೆಕ್ಲೆಸ್ಕಿಯ ಕೇಸಿನಲ್ಲೇ ಯಾರೋ ಬೇಕೆಂದೇ ಭೇದ ಮಾಡಿದರೆಂದು ಅದರಿಂದ ಸಾಬೀತಾಗದು ಎಂದರು. ಇದನ್ನು ಒಪ್ಪಿದರೆ ಉಳಿದ ಶಿಕ್ಷೆಗಳನ್ನೂ ಜನ ಪ್ರಶ್ನಿಸುತ್ತಾರೆ ಎಂಬುದು ಅವರ ಇನ್ನೊಂದು ಅಳುಕು. ನ್ಯಾಯ ಅತಿಯಾದೀತೆಂಬ ಭಯ ಇದು ಎಂದು ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ತಿವಿದರು.

ನಮ್ಮ ಮಟ್ಟಿಗೆ ತೊಡಕು ಇರುವುದು ಇಲ್ಲೇ. ಅಂಕಿ ಹೇಳುವುದು ಇಡೀ ವ್ಯವಸ್ಥೆಯ ನಡವಳಿಕೆಯನ್ನು. ಕೋರ್ಟು ಕೇಳಿದ್ದು ಒಬ್ಬರ ಮನಸ್ಸಿನೊಳಗಿನ ಉದ್ದೇಶಕ್ಕೆ ಪುರಾವೆಯನ್ನು. ಅದನ್ನು ಯಾವ ಕಡತದಿಂದ ತರುವುದು?

ನಿವೃತ್ತಿಯ ನಂತರ, ನಿಮ್ಮ ಯಾವುದಾದರೂ ಮತ ಬದಲಿಸುತ್ತೀರಾ ಎಂದು ಪೊವೆಲ್ ಅವರನ್ನು ಜೀವನಚರಿತ್ರೆಕಾರರು ಕೇಳಿದರು. ಮೆಕ್ಲೆಸ್ಕಿ ಕೇಸಿನದು ಎಂದರು ಪೊವೆಲ್. ಆ ವೇಳೆಗೆ ಅವರು ಮರಣದಂಡನೆಯೇ ಬೇಡ ಎಂಬ ನಿಲುವಿಗೆ ಬಂದಿದ್ದರು.

5–4ರಲ್ಲಿ ಆ ಒಂದು ಮತ ಬದಲಾಗಿದ್ದರೆ ತೀರ್ಪೇ ತಿರುವುಮುರುವಾಗುತ್ತಿತ್ತು. 1991ರ ಸೆಪ್ಟೆಂಬರ್ 25ರಂದು ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಗೆ ಏರಿಸಲಾಯಿತು.