ಮೂಟೆಯ ಮೇಲಿನ ಹೆಸರು

ಕಡೂರಿನಲ್ಲಿ ಲಾರಿಗೆ ಏರಿಸುವ ಕೊಬ್ಬರಿ ಮೂಟೆಗಳನ್ನು ನೀವು ನೋಡಿರಬಹುದು. ದಬ್ಬಣದಿಂದ ಬಾಯಿ ಹೊಲಿದಾದ ಮೇಲೆ ಗೋಣಿಯ ಮೇಲೆ ಬಣ್ಣದಲ್ಲಿ ಒಂದೆರಡು ಅಕ್ಷರ ಬರೆಯುತ್ತಾರೆ. ಅದು ಮಂಡಿಯವರ ಮಾರ್ಕು. ಹೊಲಿಗೆ ಬಿಚ್ಚಿದ್ದರೂ ತಿಳಿಯುತ್ತದೆ, ಮೂಟೆ ಅದಲುಬದಲಾದರೂ ತಿಳಿಯುತ್ತದೆ. ನಮ್ಮ ಎಮ್ಮೆದೊಡ್ಡಿಗೆ ಕಡಲು ದೂರ. ಆದರೆ ಕಡಲು ದಾಟುವ ಸರಕಿನ ಕಾವಲು ಕೂಡ ಈ ಎರಡನ್ನೇ ನಂಬಿ ನಿಂತಿದೆ: ಒಂದು ಹೆಸರು, ಒಂದು ಮುದ್ರೆ.

ಈ ಕಾವಲಿನ ಹಳೆಯ ಕಥೆಯೊಂದು ನಮ್ಮ ಮಂಗಳೂರಿನದು. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಅಲ್ಲಿ ನೆಲೆಸಿದ್ದ. 1132ರಲ್ಲಿ ಮಂಗಳೂರಿನಲ್ಲಿದ್ದ ಆತ 1149ರಲ್ಲಿ ಏಡನ್‌ಗೆ ಮರಳಿದ. ಅವನಿಗೆ ಬಂದ ಪತ್ರಗಳು, ಅವನ ಲೆಕ್ಕಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡವು. ಭಾಷೆ ಅರಬಿ, ಲಿಪಿ ಹೀಬ್ರೂ. ಅವನ ಬಳಿ ಗುಲಾಮನಾಗಿದ್ದು, ಏಡನ್‌ಗೆ ಹೋಗಿ ವ್ಯವಹಾರವನ್ನೂ ನಡೆಸುತ್ತಿದ್ದ ಬೊಮ್ಮನನ್ನು ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಲೋಕಕ್ಕೆ ಪರಿಚಯಿಸಿದರು.

ಮಂಗಳೂರಿನಿಂದ ಕರಿಮೆಣಸು, ಕಬ್ಬಿಣ ಹೋಗುತ್ತಿತ್ತು. ಏಡನ್‌ನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಕಟ್ಟುಗಳ ಮೇಲೆ ಒಡೆಯನ ಹೆಸರನ್ನು ಅರಬಿ, ಹೀಬ್ರೂ ಎರಡರಲ್ಲೂ ಬರೆಯುವ ರೂಢಿಯಿತ್ತು. ಯಾವ ಸರಕು ಯಾವ ನಾಖುದಾನ ಹಡಗಿನಲ್ಲಿದೆ ಎಂಬುದನ್ನು ಪತ್ರದಲ್ಲಿ ಕಾಣಿಸುತ್ತಿದ್ದರು. ಒಂದೇ ಹಡಗನ್ನು ನಂಬದೆ ಸರಕನ್ನು ಹಂಚಿ ಕಳಿಸುತ್ತಿದ್ದರು. ಯೆಹೂದಿಯ ಸರಕು ಮುಸ್ಲಿಮ್ ನಾಖುದಾ ರಾಮಿಶ್ತ್‌ನ ಹಡಗಿನಲ್ಲಿ ಬರುವುದು ಯಾರಿಗೂ ವಿಶೇಷವಾಗಿರಲಿಲ್ಲ. ಸರಕೆಂದರೆ ಅಮಾನತ್ತು, ಒಪ್ಪಿಸಿಕೊಂಡವನು ಲೆಕ್ಕ ಕೊಡಬೇಕು. ಒಮ್ಮೆ ಹಡಗು ಮುಳುಗಿ ಬೆನ್ ಯಿಜುವಿನ ಕಬ್ಬಿಣ ಕಡಲು ಸೇರಿದಾಗ ಏಡನ್‌ನವರು ಮುಳುಗುಗಾರರಿಗೆ ಕೂಲಿ ಕೊಟ್ಟು ಅರ್ಧದಷ್ಟನ್ನು ಮೇಲೆತ್ತಿಸಿದರು, ಆ ಲೆಕ್ಕವನ್ನೂ ಬರೆದು ತಿಳಿಸಿದರು.

ಅದೇ ಶತಮಾನದ ಇನ್ನೊಂದು ಕಾಗದ ಮನಸ್ಸನ್ನು ಕಲಕುತ್ತದೆ. ಕೊಲ್ಲಂಗೆ ಹೊರಟ 'ಕೂಲಮಿ' ಎಂಬ ಹಡಗು ಇನ್ನೊಂದು ಹಡಗಿನ ಜೊತೆಜೊತೆಗೇ ಏಡನ್ ಬಿಟ್ಟಿತ್ತು. ರಾತ್ರಿ ಕೂಲಮಿಯವರ ಚೀರಾಟ ಜೊತೆ ಹಡಗಿನವರಿಗೆ ಕೇಳಿಸಿತು. ಬೆಳಗಾದಾಗ ಅದರ ಸುಳಿವೇ ಇರಲಿಲ್ಲ. ಈ ಸಾಕ್ಷ್ಯವನ್ನು ಬರೆದಿಟ್ಟದ್ದು ಸರಕಿನ ಲೆಕ್ಕಕ್ಕಲ್ಲ; ಮುಳುಗಿದವರ ಹೆಂಡತಿಯರಿಗಾಗಿ. ಗಂಡ ಸತ್ತನೆಂದು ಖಚಿತವಾಗದೆ ಅವರು ಮರುಮದುವೆಯಾಗುವಂತಿರಲಿಲ್ಲ.

ಕಾವಲು ಎಷ್ಟೇ ಬಿಗಿಯಾದರೂ ಸಂದಿ ಇದ್ದೇ ಇರುತ್ತದೆ. ಕಾಫಿ ಬೀಜ ಮೊಳೆಯಬಾರದೆಂದು ಅರಬರು ಅದನ್ನು ಬೇಯಿಸಿ ಇಲ್ಲವೆ ಹುರಿದೇ ಹೊರಗೆ ಕಳಿಸುತ್ತಿದ್ದರಂತೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯಮನ್‌ನಿಂದ ಏಳು ಹಸಿ ಬೀಜಗಳನ್ನು ಬಚ್ಚಿಟ್ಟು ತಂದರೆಂಬುದು ನಮ್ಮ ಸೀಮೆಯ ಪ್ರತೀತಿ. ಇಂದು ಆ ಬೆಟ್ಟದ ಸಾಲಿನ ಕಾಫಿಯೇ ಕಂಟೇನರ್ ಸೇರಿ ಹಡಗು ಹತ್ತುತ್ತದೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ ಪಣಂಬೂರಿನ ನವಮಂಗಳೂರು ಬಂದರು ಅದರ ದೊಡ್ಡ ಹೆಬ್ಬಾಗಿಲುಗಳಲ್ಲೊಂದು.

ಕಂಟೇನರ್ ಯುಗ ಶುರುವಾದದ್ದು 1956ರ ಏಪ್ರಿಲ್ 26ರಂದು. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅಂದು 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದ. ಈಗ ಪ್ರತಿ ಪೆಟ್ಟಿಗೆಗೂ ನಾಲ್ಕು ಅಕ್ಷರ, ಏಳು ಅಂಕಿಗಳ ಒಂದು ಹೆಸರಿದೆ. ಮೊದಲ ಮೂರು ಅಕ್ಷರ ಒಡೆಯನ ಗುರುತು. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರೆದದ್ದು. ನಡುವೆ ತಪ್ಪು ಬರೆದರೆ ಅದು ಹಿಡಿದುಕೊಡುತ್ತದೆ. ಬಾಗಿಲಿಗೆ ಉಕ್ಕಿನ ಬೋಲ್ಟ್ ಸೀಲು ಹಾಕುತ್ತಾರೆ. ಕತ್ತರಿಸದೆ ಅದನ್ನು ತೆಗೆಯಲಾಗದು. ತಮ್ಮ ಆವರಣದಲ್ಲೇ ಪೆಟ್ಟಿಗೆ ತುಂಬಿ ಮುದ್ರೆ ಹಾಕುವ ರಫ್ತುದಾರರಿಗೆ ಭಾರತದ ಕಸ್ಟಮ್ಸ್ ಇಲಾಖೆ 2017ರಲ್ಲಿ ಎಲೆಕ್ಟ್ರಾನಿಕ್ ಸೀಲಿನ ವ್ಯವಸ್ಥೆ ತಂದಿತು. ಬಂದರಿನಲ್ಲಿ ಯಂತ್ರವೇ ಅದನ್ನು ಓದುತ್ತದೆ.

ಇಷ್ಟೆಲ್ಲ ಇದ್ದೂ 2025ರ ಮೇ 25ರಂದು 'ಎಂಎಸ್‌ಸಿ ಎಲ್ಸಾ 3' ಹಡಗು ಕೇರಳದ ಕಡಲಿನಲ್ಲಿ ಮುಳುಗಿತು. ಸಿಬ್ಬಂದಿಯ 24 ಮಂದಿಯೂ ಬದುಕಿ ಬಂದದ್ದು ದೊಡ್ಡ ಸಮಾಧಾನ. ಆದರೆ ಹಡಗಿನಲ್ಲಿ 640 ಕಂಟೇನರ್‌ಗಳಿದ್ದವು, ಅವುಗಳಲ್ಲಿ 13 ಅಪಾಯಕಾರಿ ಸರಕಿನವು. ಮರುದಿನವೇ ಪೆಟ್ಟಿಗೆಗಳು ಅದೇ ಕೊಲ್ಲಂನ ದಡಕ್ಕೆ ಬಂದು ಬಿದ್ದವು, ಪ್ಲಾಸ್ಟಿಕ್ ಕಾಳುಗಳು ಮರಳನ್ನು ಮುಚ್ಚಿದವು. ಮೀನುಗಾರರು ದೋಣಿಯನ್ನು ದಡದಲ್ಲೇ ಬಿಡಬೇಕಾಯಿತು. ಹಡಗಿನಲ್ಲಿ ಏನಿತ್ತೆಂಬ ವಿವರ ಜನರಿಗೆ ತಿಳಿಯಬೇಕೆಂದು ಕೇರಳ ಹೈಕೋರ್ಟು ಹೇಳಬೇಕಾಯಿತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಅದೇ ಕೋರ್ಟಿನ ಮೆಟ್ಟಿಲೇರಿತು.

ಪ್ರತಿ ಪೆಟ್ಟಿಗೆಗೂ ಹೆಸರಿತ್ತು, ಮುದ್ರೆಯೂ ಇತ್ತು. ಆ ಹೆಸರು ಸರಕಿನ ಒಡೆಯನಿಗೆ, ವಿಮೆಯವನಿಗೆ ಅರ್ಥವಾಗುವಂಥದು, ಬಲೆ ಹೊತ್ತವನಿಗಲ್ಲ. ಕೂಲಮಿಯ ಸಾಕ್ಷ್ಯ ಬರೆದವರಿಗೆ ದಡದಲ್ಲಿ ಕಾಯುತ್ತಿದ್ದ ಹೆಂಗಸರ ನೆನಪಿತ್ತು. ಕಡೂರಿನ ಮೂಟೆಯಲ್ಲಿ ಮೋಸವಾದರೆ ಮಾರ್ಕು ನೋಡಿ ಮಂಡಿಯವನ ಅಂಗಡಿ ಮುಂದೆ ಹೋಗಿ ನಿಲ್ಲಬಹುದು. ಕೊಲ್ಲಂನ ಮೀನುಗಾರ ಆ ಹನ್ನೊಂದು ಅಕ್ಷರ ಅಂಕಿಗಳನ್ನು ಹಿಡಿದು ಯಾರ ಬಾಗಿಲು ತಟ್ಟಬೇಕು?