ಕಟ್ಟಿಯಂಕಾರ

ಕಟ್ಟಿಯಂಕಾರ: ತಮಿಳುನಾಡಿನ ಬಯಲುನಾಟಕವಾದ ತೆರುಕ್ಕೂತ್ತಿನ ವಿದೂಷಕ ಪಾತ್ರ. ಸೇಲಂ, ಧರ್ಮಪುರಿ ಪ್ರದೇಶಗಳ ದ್ರೌಪದಿ ಅಮ್ಮನ ಜಾತ್ರೆಗಳಲ್ಲಿ ಇರುಳಿಡೀ ನಡೆಯುವ ಮಹಾಭಾರತದ ಆಟಗಳಲ್ಲಿ ಕಾಣಸಿಗುತ್ತದೆ. ‘ಕಟ್ಟಿಯಂ’ ಎಂದರೆ ಅರಸನ ಬಿರುದು ಹೊಗಳುವುದು; ಹೊಗಳಬೇಕಾದ ಇವನೇ ದೊರೆಯನ್ನು ಪ್ರಶ್ನಿಸುವುದು ಈ ಪಾತ್ರದ ನಿಜವಾದ ಬಲ. ಇಬ್ಬರು ಹಿಡಿದ ತೆರೆಯ ಹಿಂದೆ ದುರ್ಯೋಧನ ಕುಣಿಯುತ್ತಿದ್ದರೆ, ಇವನು ಮುಂದೆ ನಿಂತು ಹೆಸರು, ಊರು ವಿಚಾರಿಸುತ್ತಾನೆ. ಪದ್ಯದ ಅರ್ಥವನ್ನು ಆಡುಮಾತಿಗಿಳಿಸುತ್ತಾನೆ. ಬರೆದಿಟ್ಟ ಮಾತಿಲ್ಲದ ಕಾರಣ ಬರ, ಸಾಲ, ಕೂಲಿ, ಜಾತಿಯ ಮೇಲುಕೀಳು, ಅಧಿಕಾರಿಗಳ ದರ್ಪ ಎಲ್ಲವೂ ಹಸ್ತಿನಾವತಿಯ ಆಸ್ಥಾನದೊಳಗೆ ಬರುತ್ತವೆ. ಬಡವರ ಅಳಲು ರಾಜನ ಎದುರೇ, ಊರಿನ ಸ್ಥಿತಿವಂತರೂ ಕುಳಿತ ಸಭೆಯಲ್ಲಿ, ನಗೆಯಾಗಿ ಹೊಮ್ಮುವುದರಿಂದ ಅದನ್ನು ತಡೆಯುವುದು ಕಷ್ಟ. ಮೂಡಲಪಾಯದ ಸಾರಥಿ, ಯಕ್ಷಗಾನದ ಹಾಸ್ಯಗಾರ ಇವನಿಗೆ ಹತ್ತಿರದ ಕನ್ನಡ ಪಾತ್ರಗಳು.