ಗಂಡನ ದೇಶ, ಅಮ್ಮನ ಬರಿ

ಮದುವೆಯಾದ ಹೆಣ್ಣು ಯಾವ ದೇಶದವಳು? ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಇದಕ್ಕೆ ಸಲೀಸಾದ ಉತ್ತರ ಇತ್ತು: ಗಂಡ ಯಾವ ದೇಶದವನೋ ಆ ದೇಶದವಳು.

1855ರ ಕಾನೂನಿನಂತೆ, ಅಮೆರಿಕದ ಪ್ರಜೆಯನ್ನು ಮದುವೆಯಾದ ಹೊರದೇಶದ ಬಿಳಿ ಹೆಂಗಸು ಆ ಕ್ಷಣದಿಂದಲೇ ಅಮೆರಿಕದವಳು. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಎಷ್ಟು ಸುಲಭ, ಅಲ್ವಾ? 1907ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಅಮೆರಿಕದಲ್ಲೇ ಹುಟ್ಟಿದವಳು ಹೊರದೇಶದವನನ್ನು ಮದುವೆಯಾದರೆ ಅವಳ ಪೌರತ್ವವೇ ಹೋಯ್ತು. ಕ್ಯಾಲಿಫೋರ್ನಿಯಾದ ಎಥೆಲ್ ಮೆಕೆಂಝಿ ಅಂಥವಳು. ಹೆಂಗಸರಿಗೆ ಅಲ್ಲಿ ಮತದಾನದ ಹಕ್ಕು ಸಿಕ್ಕಿದ ಮೇಲೆ ಹೆಸರು ನೋಂದಾಯಿಸಲು ಹೋದಳು. ಗಂಡ ಬ್ರಿಟಿಷ್ ಪ್ರಜೆ, ಹಾಗಾಗಿ ನೀನೂ ಅಮೆರಿಕದವಳಲ್ಲ ಅಂದರು. 1915ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು.

ನಂದಿಕೂರಿನ ಬಂಟರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಓದಿದಾಗ ವಿಚಿತ್ರ ಅನಿಸಿತು. ನಮ್ಮ ಅಳಿಯಸಂತಾನದಲ್ಲಿ ಹೆಣ್ಣು ಮದುವೆಯಾದರೂ ತಾಯಿಮನೆಯ ಕುಟುಂಬದವಳೇ. ಅವಳ ಬರಿ ಬದಲಾಗುವುದಿಲ್ಲ, ಮಕ್ಕಳಿಗೂ ಅದೇ ಬರಿ. ಹಾಗಂತ ನಮ್ಮಲ್ಲಿ ಹೆಣ್ಣಿನ ರಾಜ್ಯ ಇತ್ತು ಅಂತ ಬೀಗುವುದು ಬೇಡ. ಯಜಮಾನಿಕೆ ಹೆಚ್ಚಾಗಿ ಮಾವಂದಿರ ಕೈಯಲ್ಲೇ ಇತ್ತು. ಆದರೆ ಅವಳು ಯಾರ ಪೈಕಿ ಅನ್ನುವುದನ್ನು ಗಂಡ ತೀರ್ಮಾನಿಸುತ್ತಿರಲಿಲ್ಲ.

ಅಮೆರಿಕದ ಹೆಂಗಸರಿಗೆ ದೇಶಮಟ್ಟದಲ್ಲಿ ಮತ ಸಿಕ್ಕಿದ್ದು 1920ರಲ್ಲಿ. ಎರಡೇ ವರ್ಷಕ್ಕೆ ಕೇಬಲ್ ಆಕ್ಟ್ ಬಂತು. ಅದನ್ನು ತಂದ ಕಾಂಗ್ರೆಸ್ ಸದಸ್ಯನ ಹೆಸರು ಜಾನ್ ಕೇಬಲ್, ತಂತಿಗೂ ಅದಕ್ಕೂ ಸಂಬಂಧ ಇಲ್ಲ ಮಾರಾಯ್ರೇ! ಅಂದಿನಿಂದ ಹೊರಗಿನಿಂದ ಬಂದ ಹೆಂಡತಿ ತನ್ನ ಹೆಸರಲ್ಲೇ ಅರ್ಜಿ ಹಾಕಬೇಕಾಯಿತು, ತಾನೇ ಉತ್ತರ ಕೊಡಬೇಕಾಯಿತು.

ಆದರೆ ಆ ಬಾಗಿಲು ನಮ್ಮವರಿಗಲ್ಲ. ಭಾರತೀಯರು ಕಾನೂನಿನ ಪ್ರಕಾರ ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಾಯಿತು. ಇಂಥ ‘ಅನರ್ಹ’ನನ್ನು ಮದುವೆಯಾದ ಅಮೆರಿಕದ ಹೆಣ್ಣು 1931ರವರೆಗೂ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1915ರಲ್ಲಿ ಗಂಡ, ಮೂವರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಕಲಾ ಬಗೈ ಎಂಬಾಕೆ ಇದನ್ನೆಲ್ಲ ಉಂಡವರು. ಥಿಂಡ್ ತೀರ್ಪಿನ ನಂತರ ಅವರ ಗಂಡ ವೈಷ್ಣೋ ದಾಸರಿಗೆ ಸಿಕ್ಕಿದ್ದ ಪೌರತ್ವವನ್ನು ಕಿತ್ತುಕೊಂಡರು. 1928ರಲ್ಲಿ ಅವರು ಜೀವ ಕಳೆದುಕೊಂಡರು. ಕಲಾ ಮಕ್ಕಳನ್ನು ಬೆಳೆಸಿ, ಓದಿಸಿದರು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾನೂನು. ಕಲಾ ಅಮೆರಿಕದ ಪ್ರಜೆಯಾದದ್ದು ಆಮೇಲೆ.

ನನ್ನ ಸಂದರ್ಶನದ ದಿನ ಈ ಕತೆಗಳೆಲ್ಲ ತಲೆಯಲ್ಲಿದ್ದವು. ಗಂಡ ಮೊದಲೇ ಅಲ್ಲಿಯ ಪ್ರಜೆ, ಹಾಗಾಗಿ ಗ್ರೀನ್ ಕಾರ್ಡ್ ಸಿಕ್ಕಿ ಐದರ ಬದಲು ಮೂರು ವರ್ಷಕ್ಕೇ ನನ್ನ ಸರದಿ. ಜೊತೆಯಾಗಿ ಬಾಳುತ್ತಿದ್ದೇವೆ ಎನ್ನಲಿಕ್ಕೆ ಜಂಟಿ ಬ್ಯಾಂಕ್ ಖಾತೆ, ತೆರಿಗೆ ಕಾಗದ ಎಲ್ಲ ಒಂದು ಫೈಲಿನಲ್ಲಿ. ಹೆಸರು ಕರೆದಾಗ ಅವರೂ ಎದ್ದರು. ನೀವು ಇಲ್ಲೇ ಇರಿ ಅಂದರು ಅಧಿಕಾರಿ. ಒಳಗೆ ನಾನೊಬ್ಬಳೇ. ಬಲಗೈ ಎತ್ತಿ ಪ್ರಮಾಣ, ಒಂದು ವಾಕ್ಯ ಓದುವುದು, ಒಂದು ಬರೆಯುವುದು. ಆಗ ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತರವರೆಗೆ ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ನನಗೆ ಬಂದದ್ದರಲ್ಲಿ ಒಂದು: ಸೂಸನ್ ಬಿ. ಆಂಥನಿ ಏನು ಮಾಡಿದರು? ಹೆಂಗಸರ ಹಕ್ಕಿಗಾಗಿ ಹೋರಾಡಿದರು ಅಂದೆ. ಅಧಿಕಾರಿ ಗುರುತು ಹಾಕಿ ಮುಂದೆ ಹೋದರು.

ಅಮೆರಿಕದವರನ್ನು ಮಾತ್ರ ಬೈದು ಮುಗಿಸುವ ಹಾಗಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆ ಭಾರತೀಯನ ವಿದೇಶಿ ಹೆಂಡತಿಗೆ ದಾರಿ ಮಾಡಿತ್ತು. ಭಾರತೀಯಳ ವಿದೇಶಿ ಗಂಡನಿಗೆ ಆ ದಾರಿ ಸಿಕ್ಕಿದ್ದು 1986ರ ತಿದ್ದುಪಡಿಯಲ್ಲಿ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಭಾರತದ ಪೌರತ್ವ ಬರಲು 1992 ಆಗಬೇಕಾಯಿತು. ಅಳಿಯಸಂತಾನದ ನಾಡಿನವರಿಗೂ ಅದೇ ಕಾನೂನು.

ಬೇರೆ ದೇಶದ ಪೌರತ್ವ ತಕೊಂಡರೆ ಭಾರತದ್ದು ಹೋಗುತ್ತದೆ, ಎರಡೂ ಇಟ್ಟುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್ ಒಪ್ಪಿಸುವ ಅರ್ಜಿಗೆ ಸಹಿ ಹಾಕುವಾಗ ಕೈ ಸ್ವಲ್ಪ ತಡೆಯಿತು. ಆದರೆ ಬಿಟ್ಟದ್ದು ನಾನು, ನನ್ನ ಸಹಿಯಲ್ಲಿ, ಮದುವೆ ಬಿಡಿಸಿದ್ದಲ್ಲ. ಊರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಬರಿ ಅದೇ ಉಂಟಲ್ಲ?”